ಹಂಗಿಸದೆ ಕೊಟ್ಟವರಿಗೆ

ಎಲ್ಲರಿಗೂ ವಂದನೆಗಳು.

ಮೊದಲ ಧನ್ಯವಾದ ನಮ್ಮ ಓಣಿಗೆ ನೀರು ಬಿಡುವ ಅಣ್ಣನಿಗೆ. ಅವರಿಗೆ ಇದು ಗೊತ್ತೇ ಇಲ್ಲ. ಧಾರವಾಡದವರಿಗೆ ಹೇಳಬೇಕಾಗಿಲ್ಲ, ಮಲಪ್ರಭೆಯ ನೀರು ನಮ್ಮ ನಳಕ್ಕೆ ದಿನಾ ಬರುವುದಿಲ್ಲ, ಬಂದಾಗಲೂ ಗಡಿಯಾರ ನೋಡಿ ಬರುವುದಿಲ್ಲ. ಹೋದ ವರ್ಷ ನನ್ನ ಗಂಡನಿಗೆ ಲಕ್ವ ಹೊಡೆದ ದಿನ ಬೆಳಗಿನ ಜಾವ 4 ಗಂಟೆಗೆ ಬಂತು. ನಮ್ಮ ಮನೆಯವರು ಎದ್ದು ಮೋಟರ್ ಹಾಕಿದರು. ಕೊಡ, ಡ್ರಮ್ ಎಲ್ಲ ತುಂಬಿದರು. 5ಕ್ಕೆ ಒಳಗೆ ಬಂದು, "ಟಾಕಿ ತುಂಬೇತಿ, ನೀ ಮಲಕೋ" ಅಂದರು. 6ಕ್ಕೆ ನಾನು ಚಹಾ ಹಿಡಿದು ಎಬ್ಬಿಸಿದರೆ ಬಾಯಿ ಒಂದು ಕಡೆ ವಾಲಿತ್ತು. ಬಲಗೈ ಎತ್ತಿ ಬಿಟ್ಟರೆ ದೊಪ್ಪನೆ ಬಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ, ಕೊನೆಯ ಸಲ ಇವರು ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅಂತ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ತಾಸಿನೊಳಗೆ ಕೊಡಬೇಕಂತೆ. ನಿದ್ದೆಯಲ್ಲೇ ಲಕ್ವ ಹೊಡೆದರೆ ಹೊತ್ತು ಹೇಳುವವರು ಯಾರು? ರಾತ್ರಿ ಮಲಗಿದಾಗಿನಿಂದಲೇ ಲೆಕ್ಕ ಹಿಡಿಯಬೇಕಾಗುತ್ತದೆ. ನನ್ನ ಹತ್ತಿರ ಉತ್ತರ ಇತ್ತು. 5 ಗಂಟೆ. ನೀರು ಬಂದಿತ್ತು.

ಸಿಟಿ ಸ್ಕ್ಯಾನ್ ಮಾಡಿ, ರಕ್ತಸ್ರಾವ ಆಗಿಲ್ಲ ಅಂತ ಖಾತ್ರಿ ಮಾಡಿಕೊಂಡು, ಕಾಗದ ಮುಂದಿಟ್ಟರು. ಈ ಇಂಜೆಕ್ಷನ್‌ನಿಂದಲೇ ಕೆಲವರಿಗೆ ಮಿದುಳಿನಲ್ಲಿ ರಕ್ತ ಸೋರುವುದುಂಟು, ಒಪ್ಪಿಗೆ ಇದ್ದರೆ ಸಹಿ ಮಾಡಿ ಅಂದರು. ಪ್ರಾರ್ಥನೆ ಮಾಡಿ, ಕಾದು, ಆಮೇಲೆ ನಿರ್ಧಾರ ಮಾಡಿ ಅಂತ ನಾನು ಎಷ್ಟು ಮಂದಿಗೆ ಬುದ್ಧಿ ಹೇಳಿಲ್ಲ! ಆವತ್ತು ಕಾಯುವುದಕ್ಕೆ ಹೊತ್ತೇ ಇರಲಿಲ್ಲ. "ಕರ್ತನೇ, ಏನು ಮಾಡಲಿ" ಅಷ್ಟೇ ನನ್ನ ಪ್ರಾರ್ಥನೆ. ಬಾಯಿಗೆ ಒಂದು ಪ್ರಶ್ನೆ ಬಂತು. "ನಿಮ್ಮ ಅಣ್ಣ ಆಗಿದ್ದರೆ ಏನು ಮಾಡ್ತಿದ್ರಿ ಡಾಕ್ಟರ್?" "ಸಹಿ ಮಾಡ್ತಿದ್ದೆ ಅಮ್ಮಾ" ಅಂದರು. ಮಾಡಿದೆ. ಆ ಡಾಕ್ಟರಿಗೆ ಎರಡನೇ ಧನ್ಯವಾದ.

ಎದುರು ಮನೆಯ ಚಾಚಾ ಟೆಂಪೋ ತೆಗೆದು ಕರೆದುಕೊಂಡು ಹೋಗದಿದ್ದರೆ ಈ ಸಹಿಯ ಮಾತೇ ಇರುತ್ತಿರಲಿಲ್ಲ. ಡೀಸೆಲ್ ದುಡ್ಡು ಕೊಡಲು ಹೋದರೆ ಬೈಸಿಕೊಂಡೆ. ಮೂರು ವಾರ ಬುತ್ತಿ ಕಳಿಸಿದ ಸಭೆಯ ಅಕ್ಕಂದಿರು, ಮಗಳ ಪಿಯು ಫೀ ಕಟ್ಟಿ ರಸೀದಿ ಮಾತ್ರ ಕಳಿಸಿದ ತಮ್ಮ, ಎಲ್ಲರೂ ನೆನಪಿದ್ದೀರಿ.

ಸಭಾಪಾಲಕರು ಮನೆಗೆ ಬಂದಾಗ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯ ಓದಿದರು. ಜ್ಞಾನ ಕಡಿಮೆ ಇದ್ದವರು ದೇವರನ್ನು ಕೇಳಲಿ ಅನ್ನುವ ವಚನ. ಚಿಕ್ಕಂದಿನಿಂದ ಬಾಯಿಪಾಠ. ಆದರೆ ಅದರೊಳಗೆ ಒಂದು ಶಬ್ದ ಇದೆ, ದೇವರು "ಹಂಗಿಸದೆ" ಕೊಡುತ್ತಾನೆ ಅಂತ. ಇಷ್ಟು ವರ್ಷ ಅದರ ಮೇಲೆ ಕಣ್ಣೇ ಬಿದ್ದಿರಲಿಲ್ಲ. ಕೊಟ್ಟು ಆಡಿ ತೋರಿಸುವುದು ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು, ಅಲ್ವಾ? ಅದಕ್ಕೇ ಇರಬೇಕು, ಯಾರ ಹತ್ತಿರವೂ ಏನೂ ಕೇಳಬಾರದು ಅನ್ನುವ ಹಟ ನನಗೆ ಮೊದಲಿನಿಂದ. ಆ ವರ್ಷ ಕೇಳದೆ ಗತಿ ಇರಲಿಲ್ಲ.

ಮತ್ತೆ ದಿನಾ ಬೆಳಗಾದರೆ ಏನಾದರೊಂದು ನಿರ್ಧಾರ. ಸ್ಕೂಟರ್ ಮಾರಲೋ ಬೇಡವೋ. ಗಂಜಿ ಇನ್ನೂ ಗಟ್ಟಿ ಮಾಡಲೋ, ತೆಳ್ಳಗಾದರೆ ನೆತ್ತಿಗೆ ಹತ್ತುತ್ತಿತ್ತು. ಒಂದು ದಿನ ಅತ್ತೆಯವರು ಊರಿನಿಂದ ಪಾರಿವಾಳವನ್ನೇ ತರಿಸಿಬಿಟ್ಟರು. ಅದರ ರಕ್ತ ತಿಕ್ಕಿದರೆ ಲಕ್ವ ಹೋಗುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಜಾಸ್ತಿ. ಬುಟ್ಟಿಯೊಳಗೆ ಅದು ಗುಟುರು ಹಾಕುತ್ತಿತ್ತು, ನನಗೆ ತಲೆ ಕಾಯ್ದಿತ್ತು. ಸೀದಾ ಅಡಿಗೆಮನೆಗೆ ಹೋಗಿ ಕುಕ್ಕರ್ ಇಟ್ಟೆ. ಮೂರು ಸೀಟಿ ಆಗುವವರೆಗೆ ಬಾಯಿ ತೆರೆಯಬಾರದು ಅಂತ ನನಗೆ ನಾನೇ ಹಾಕಿಕೊಂಡ ನಿಯಮ. ಆ ಹೊತ್ತಿನಲ್ಲೇ ಪ್ರಾರ್ಥನೆ. ಮೂರನೇ ಸೀಟಿಗೆ ಹೊರಗೆ ಬಂದು, "ಅತ್ತಿ, ನಾಳೆ ವ್ಯಾಯಾಮ ಮಾಡಸಾಕ ಬರ್ತಾರಲ್ರಿ, ಅವರನ್ನ ಒಂದು ಮಾತು ಕೇಳೋಣ್ರಿ" ಅಂದೆ. ಫಿಸಿಯೋಥೆರಪಿಯ ಆ ಹುಡುಗ ನಗಲಿಲ್ಲ. "ಅಜ್ಜಿ, ರಕ್ತ ಬ್ಯಾಡ್ರಿ, ನಿಮ್ಮ ಕೈ ಬೇಕು" ಅಂತ ಮಗನ ಬೆರಳು ಮಡಚಿ ಬಿಡಿಸುವುದನ್ನು ಕಲಿಸಿ ಹೋದ. ಅವತ್ತಿನಿಂದ ಅದು ಅತ್ತೆಯವರ ಕೆಲಸ. ಪಾರಿವಾಳ ಎರಡು ದಿನ ಜೋಳ ತಿಂದು ಹಾರಿಹೋಯಿತು.

ಕಾಲು ಬೇಗ ಬಂತು. ಮಾತು ಬರಲಿಲ್ಲ. ಎಲ್ಲ ತಿಳಿಯುತ್ತಿತ್ತು, ಶಬ್ದ ಮಾತ್ರ ಸಿಗುತ್ತಿರಲಿಲ್ಲ. ಚಹಾ ಬೇಕಾದರೆ "ಕುರ್ಚಿ" ಅನ್ನುತ್ತಿದ್ದರು, ಅದು ತಪ್ಪು ಅಂತ ಅವರಿಗೇ ಗೊತ್ತಾಗಿ ಕಣ್ಣು ತುಂಬಿಕೊಳ್ಳುತ್ತಿತ್ತು. ಆದರೆ ಮನೆಯ ಪ್ರಾರ್ಥನೆಯಲ್ಲಿ ನಾವು "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರು ಮಾಡಿದರೆ ಕೊನೆಯವರೆಗೂ ಜೊತೆಗೆ ಹೇಳಿದರು! ಕೀರ್ತನೆಯನ್ನೂ ಹಾಡಿದರು. ನಾನು ಪವಾಡ ಅಂತ ಕುಣಿದೆ. ಬಾಯಿಪಾಠ ಆದದ್ದು, ಹಾಡು, ಎಣಿಕೆ ಇಂಥವು ಹೀಗೆ ಉಳಿಯುವುದುಂಟು ಅಂತ ಮಾತಿನ ತರಬೇತಿ ಕೊಡುವವರು ಹೇಳಿದರು. ಇರಲಿ, ನನಗೆ ಎರಡೂ ಒಂದೇ.

ಅವರೇ ಇನ್ನೊಂದು ಮಾತು ಹೇಳಿದರು. "ನೀವು ಅವರ ಬಾಯಿಂದ ಶಬ್ದ ಕಸಿದುಕೊಳ್ತೀರಿ. ಗೊತ್ತಿದ್ದರೂ ಹೇಳಬೇಡಿ, ಕಾಯಿರಿ." ತಾಳ್ಮೆ ಅಂದರೆ ನೋವು ಸಹಿಸುವುದು ಅಂತ ತಿಳಿದಿದ್ದವಳು ನಾನು. ಗಂಡ "ಉ... ಉ..." ಅನ್ನುವಾಗ ಉಪ್ಪಿನ ಡಬ್ಬಿ ಕೈಯಲ್ಲಿ ಹಿಡಿದು ಸುಮ್ನೆ ನಿಲ್ಲುವುದು ಅದಕ್ಕಿಂತ ಕಷ್ಟ.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ರಾತ್ರಿ ಹಾಸಿಗೆ ಬದಲಿಸುವಾಗ, "ನಿಮ್ಮ ಸಲುವಾಗಿ ನಾ ಎಷ್ಟು ಮಾಡೇನಿ ಗೊತ್ತೈತೇನು" ಅಂದುಬಿಟ್ಟೆ. ಅವರು ಗೋಡೆಯ ಕಡೆ ತಿರುಗಿದರು. ಹಂಗಿಸದೆ ಕೊಡುವವನನ್ನು ದಿನಾ ಕೇಳುತ್ತಿದ್ದವಳು ಕಟ್ಟಿಕೊಂಡ ಗಂಡನನ್ನೇ ಹಂಗಿಸಿದ್ದೆ. ಬೆಳಿಗ್ಗೆ ಕ್ಷಮೆ ಕೇಳಿದೆ. ಅವರು ಎಡಗೈಯಿಂದ ನನ್ನ ತಲೆ ತಟ್ಟಿದರು. ಅವರಿಗೂ ಇಲ್ಲಿ, ಎಲ್ಲರ ಮುಂದೆ, ಧನ್ಯವಾದ.

ಹೋದ ಭಾನುವಾರ ಅವರು ಕೋಲು ಹಿಡಿದು ನಡೆದು ಹೋಗಿ ಕೃತಜ್ಞತೆಯ ಕಾಣಿಕೆ ತಾವೇ ಹಾಕಿದರು. ಮೊನ್ನೆ ರಾತ್ರಿ 3ಕ್ಕೆ ನನ್ನನ್ನು ಅಲುಗಾಡಿಸಿ ಎಬ್ಬಿಸಿದರು. "ನೀ... ನೀ..." ನಳದ ಸದ್ದು ನನಗೂ ಕೇಳುತ್ತಿತ್ತು. ಕತ್ತಲಲ್ಲಿ ಕಾದೆ. "ನೀರ ಬಂದಾವ" ಅಂದರು. ಎದ್ದು ಮೋಟರ್ ಹಾಕಿದೆ.

ಮರೆತಿದ್ದೆ, ವಾಕರ್ ಈಗ ನಮಗೆ ಬೇಕಾಗಿಲ್ಲ. ತೊಳೆದು ಜಗಲಿಯಲ್ಲಿ ಇಟ್ಟಿದ್ದೇನೆ. ಬೇಕಾದವರು ಒಯ್ಯಿರಿ, ವಾಪಸ್ ತರುವುದು ಬೇಡ. ಒಂದು ಕಾಲಿನ ರಬ್ಬರ್ ಸವೆದಿದೆ, ಹೊಸದು ಹಾಕಿಸಿಕೊಳ್ಳಿ.