ಪುಟ್ಟಿಗೆ, ಆ ಕಿಟಕಿ ಬಗ್ಗೆ

ಪುಟ್ಟೀ,

ನೀನು ಹೋಗಿ ಹನ್ನೊಂದು ದಿನ ಆಯ್ತು. ಫೋನ್ ಎತ್ತಲ್ಲ ಅಂತ ಗೊತ್ತು, ಅದಕ್ಕೇ ಬರೀತಿದೀನಿ. ಅವತ್ತು ರಾತ್ರಿ ಯಾರು ಏನಂದ್ರು ಅನ್ನೋದೆಲ್ಲ ಬೇಡ ಬಿಡು. ನಿನ್ನ ಫೋನಲ್ಲಿ ಲೊಕೇಶನ್ ಆ್ಯಪ್ ಹಾಕಿದ್ದು ನಾನೇ, ನಿಂಗೆ ಹೇಳ್ದೆ ಹಾಕಿದ್ದು ತಪ್ಪು. ಆದ್ರೆ "ಅಪ್ಪಾ, ನೀನಿನ್ನೂ ಆ ಕಿಟಕಿ ಬಿಟ್ಟು ಬಂದೇ ಇಲ್ಲ" ಅಂದ್ಯಲ್ಲ, ಆ ಮಾತು ಮಲಗೋಕೆ ಬಿಡ್ತಿಲ್ಲ.

ನೀನು ಟೇಬಲ್ ಮೇಲೆ ಬಿಟ್ಟುಹೋದ, ಆ ಫ್ರೆಂಚ್ ಚಿಂತಕ ಫೂಕೋ ಪುಸ್ತಕ ಓದಿದೆ, 'ಡಿಸಿಪ್ಲಿನ್ ಅಂಡ್ ಪನಿಶ್', ಡಿಕ್ಷನರಿ ಪಕ್ಕದಲ್ಲಿಟ್ಕೊಂಡು. ಶುರುನಲ್ಲೇ 1757ರ ಪ್ಯಾರಿಸ್, ರಾಜನ ಮೇಲೆ ಚಾಕು ಎತ್ತಿದವನನ್ನ ಜನರೆದುರೇ ಕುದುರೆ ಕಟ್ಟಿ ಎಳೆಸ್ತಾರೆ, ಓದ್ತಾ ಹೊಟ್ಟೆ ತೊಳಸ್ತು. ಅದಾದ್ಮೇಲೆ, ಸುಮಾರು 80 ವರ್ಷ ಕಳೆದು ಅದೇ ಊರಿನ ಒಂದು ಜೈಲಿನ ಟೈಮ್‌ಟೇಬಲ್. ಚಳಿಗಾಲದಲ್ಲಿ ಆರಕ್ಕೆ, ಬೇಸಿಗೆಯಲ್ಲಿ ಐದಕ್ಕೆ ಏಳ್ಬೇಕು, ಡ್ರಮ್ ಬಡಿದ ತಕ್ಷಣ ಮಾತಾಡ್ದೆ ಬಟ್ಟೆ ಹಾಕ್ಕೋಬೇಕು. ಅಲ್ಲಿ ನಂಗೇನೂ ಅನ್ನಿಸ್ಲಿಲ್ಲ ಕಣಮ್ಮ. ಸರಿಯಾಗೇ ಇದೆ ಅಂದ್ಕೊಂಡೆ. ನಮ್ಮ ಹಾಸ್ಟೆಲ್ ಗೋಡೆಗೆ ನಾನೇ ಬರೆದು ಅಂಟಿಸಿದ್ದು ಹೆಚ್ಚುಕಮ್ಮಿ ಅದೇ. ಪುಸ್ತಕ ಮುಚ್ಚಿಟ್ಟೆ ಅವತ್ತು.

ಮಾರನೇ ದಿನ ಪನೋಪ್ಟಿಕಾನ್ ಬಂತು. ಇಂಗ್ಲೆಂಡಿನ ಚಿಂತಕ ಬೆಂಥಾಮ್ 1791ರಲ್ಲಿ ಪ್ರಿಂಟ್ ಮಾಡಿಸಿದ ಜೈಲಿನ ಪ್ಲ್ಯಾನು. ಸುತ್ತ ರೌಂಡಾಗಿ ಸೆಲ್‌ಗಳು, ಮಧ್ಯದಲ್ಲಿ ಟವರ್, ಆ ಟವರ್ ಕಿಟಕಿಗೆ ಮರೆ. ಒಳಗಿರೋರಿಗೆ ಈಗ ಯಾರಾದ್ರೂ ನೋಡ್ತಿದಾರಾ ಇಲ್ವಾ ಗೊತ್ತಾಗೋದೇ ಇಲ್ಲ, ಹಾಗಾಗಿ ತಮ್ಮನ್ನ ತಾವೇ ಕಾಯ್ಕೊಂಡು ಕೂರ್ತಾರೆ, ಟವರ್ ಖಾಲಿ ಇದ್ರೂ.

ಓದ್ತಾ ನಮ್ಮ ಸ್ಕೂಲಿನ ಕಿಟಕಿ ನೆನಪಾಯ್ತು. ನೀನು ಆಗ ಏಳನೇ ಕ್ಲಾಸು, ನಾನು ಹೆಡ್‌ಮಾಸ್ಟರ್. ನನ್ನ ರೂಮಿಗೂ ನಿಮ್ಮ ಕ್ಲಾಸಿಗೂ ಮಧ್ಯ ಗೋಡೆಲಿ ಒಂದು ಸಣ್ಣ ಕಿಟಕಿ, ಹಸಿರು ಪರದೆ. ನಾನು ಅಜ್ಜಿನ ನೋಡೋಕೆ ಎರಡು ದಿನ ರಜೆ ಹಾಕಿದ್ದೆ. ವಾಪಸ್ ಬಂದಾಗ ನಿಮ್ಮ ಕ್ಲಾಸ್ ಮೇಷ್ಟ್ರು ಹೇಳಿದ್ರು, ಬೇರೆ ಮಕ್ಕಳೆಲ್ಲ ಗಲಾಟೆ ಮಾಡ್ತಿದ್ರೂ ನಿಮ್ಮ ಮಗಳು ಎರಡೂ ದಿನ ಕೈ ಕಟ್ಕೊಂಡು, ಆ ಪರದೆ ಕಡೆ ನೋಡ್ತಾ, ನೆಟ್ಟಗೆ ಕೂತಿದ್ಲು ಸಾರ್, ಕೆನ್ನೆ ಮೇಲೆ ನೊಣ ಕೂತ್ರೂ ಓಡಿಸ್ಲಿಲ್ಲ ಅಂತ. ಎಷ್ಟು ಹೆಮ್ಮೆ ಪಟ್ಟೆ ಗೊತ್ತಾ. ಮದುವೆ ಮನೆ, ನಾಮಕರಣ, ಎಲ್ಲಿ ಹೋದ್ರೂ ಆ ಕತೆ ಹೇಳಿದೀನಿ. ಈಗ ಆ ನೊಣನೇ ಕಣ್ಮುಂದೆ ಬರುತ್ತೆ. ನಾನು ರೂಮಲ್ಲಿಲ್ಲ ಅಂತ ನಿಂಗೆ ಗೊತ್ತಿತ್ತು, ಬೆಳಗ್ಗೆ ಬಸ್ಸು ಹತ್ತಿಸೋಕೆ ಬಂದಿದ್ದೆ ನೀನೇ, ಆದ್ರೂ ಕೈ ಎತ್ತಿ ಒಂದು ನೊಣ ಓಡಿಸ್ಲಿಲ್ಲ. ಹನ್ನೆರಡು ವರ್ಷದ ಮಗು. ಕೆನ್ನೆ ಕಡೀತಿತ್ತಾ? ಎಷ್ಟು ಹೊತ್ತು ಕೂತಿತ್ತು ಅದು? ನಿನ್ನ ಯಾವತ್ತೂ ಕೇಳಿಲ್ಲ ನಾನು.

ಅಧಿಕಾರ ಅಂದ್ರೆ ಬರೀ ಬೇಡ ಅನ್ನೋದಲ್ಲ, ಅದು ಮನುಷ್ಯರನ್ನ ತಯಾರೂ ಮಾಡುತ್ತೆ ಅಂತಾರಲ್ಲ ಫೂಕೋ, ಅದನ್ನ ಹಿಡ್ಕೊಂಡು ವಾದ ಮಾಡ್ಬೇಕು ಅನ್ನಿಸುತ್ತೆ ನಂಗೆ. ನಿನ್ನ ಅಕ್ಷರ, ರ‍್ಯಾಂಕು, ಈ ಪಿಎಚ್‌ಡಿ ಸೀಟು, ಇದೂ ಆ ಶಿಸ್ತಿಂದಾನೇ ಬಂದಿದ್ದು ಅಲ್ವಾ? ಪರೀಕ್ಷೆನೂ ಕಾವಲಿನ ಒಂದು ದಾರಿ ಅಂತ ಅವರು ಬರೆದಿರೋದು ಓದಿ ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದೋನಿಗೆ ನೋವಾಯ್ತು. ಆದ್ರೆ ನೀನೂ ಹುಷಾರು, ಪಿಎಚ್‌ಡಿಲೂ ಹಾಜರಿ ಇದೆ, ಆರು ತಿಂಗಳಿಗೊಂದು ಪ್ರೋಗ್ರೆಸ್ ರಿಪೋರ್ಟ್ ಇದೆ, ಗೈಡ್‌ಗೆ ಏನಿಷ್ಟಾನೋ ಅದನ್ನೇ ಬರೆಯೋಕೆ ಶುರು ಮಾಡ್ಬೇಡ, ರಾತ್ರಿ ಲೈಬ್ರರಿಯಿಂದ ಒಬ್ಳೇ ಬರ್ಬೇಡ, ಊಟ ಬಿಡ್ಬೇಡ. ನೋಡು, ಮತ್ತೆ ಶುರು ಹಚ್ಕೊಂಡೆ.

1971ರಲ್ಲಿ ಫೂಕೋ ಮತ್ತೆ ಜೊತೆಯವರು ಫ್ರಾನ್ಸಿನ ಜೈಲುಗಳ ಬಗ್ಗೆ ಒಂದು ಗುಂಪು ಕಟ್ಟಿದ್ರಂತೆ. ಕೈದಿಗಳ ಬಗ್ಗೆ ತಾವೇ ತೀರ್ಪು ಹೇಳೋ ಬದಲು ಪ್ರಶ್ನೆ ಬರೆದು ಅವರಿಗೇ ತಲುಪಿಸಿದ್ರು, ಒಳಗೆ ಹೇಗಿದೆ ನೀವೇ ಹೇಳಿ ಅಂತ. ಇದನ್ನ ಎರಡು ಸಲ ಓದಿದೆ. ನಿನ್ನ ಮಾರ್ಕ್ಸು, ಎತ್ತರ, ತೂಕ, ಫ್ರೆಂಡ್ಸ್ ಹೆಸರು, ಫೋನ್ ಎಲ್ಲಿದೆ ಅನ್ನೋದು, ಎಲ್ಲಾ ನಂಗೆ ಗೊತ್ತಿತ್ತು. ನೋಡ್ತಾ ಇದ್ರೆ ಗೊತ್ತಾದಂಗೆ ಅಂದ್ಕೊಂಡಿದ್ದೆ.

ಆ್ಯಪ್ ನನ್ನ ಫೋನಿಂದ ತೆಗೆದಾಯ್ತು, ನಿನ್ನ ಫೋನಿಂದ ನೀನೇ ತೆಗಿ. ಪುಸ್ತಕ ಪೋಸ್ಟ್ ಮಾಡ್ತಿದೀನಿ, ಅಲ್ಲಲ್ಲಿ ಪೆನ್ಸಿಲ್ಲಲ್ಲಿ ಗೆರೆ ಎಳೆದಿದೀನಿ, ಬೇಡ ಅಂದ್ರೆ ಅಳಿಸು. ನಿಂಗೆ ಯಾವಾಗ ಮಾಡ್ಬೇಕು ಅನ್ನಿಸುತ್ತೋ ಆಗ ಫೋನ್ ಮಾಡು. ಎಲ್ಲಿದೀಯ ಅಂತ ಕೇಳಲ್ಲ. ಆ ಎರಡು ದಿನ ಕ್ಲಾಸಲ್ಲಿ ಹೇಗಿತ್ತು ಅಂತ ನಿನ್ನ ಬಾಯಿಂದಾನೇ ಕೇಳ್ಬೇಕು.

ಅಪ್ಪ