ಫೋಟೋದ ಹಿಂದೆ ಹೆಸರು ಬರೆದಿಡಿ

ಸಂಪಾದಕರಿಗೆ ನಮಸ್ಕಾರ.

ಗದಗ-ಬೆಟಗೇರಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಮೂವತ್ತೆಂಟು ವರ್ಷ ಆಯಿತು. ದೇವರ ಫೋಟೋ ಜಾಸ್ತಿ, ಆಮೇಲೆ ತೀರಿಕೊಂಡವರದ್ದು. ವಾರಕ್ಕೆ ಒಂದೆರಡಾದರೂ ಹಳೆಯ ಫೋಟೋ ಬರುತ್ತವೆ. ಕಟ್ಟು ಮುರಿದಿರುತ್ತದೆ, ಇಲ್ಲವೇ ಗೆದ್ದಲು ಹತ್ತಿರುತ್ತದೆ. ‘ಇದರಾಗ ಯಾರ್‍ಯಾರು ಇದ್ದಾರ್ರಿ?’ ಅಂತ ಕೇಳುವುದು ನನ್ನ ರೂಢಿ. ‘ನಡುವ ಕುಂತವ್ರು ನಮ್ಮ ಮುತ್ತಜ್ಜ. ಉಳಿದವ್ರು ಗೊತ್ತಿಲ್ರಿ’ ಅನ್ನುತ್ತಾರೆ. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾಗರ ಪಂಚಮಿ ಹತ್ತಿರ ಬಂತು. ಅದಕ್ಕೇ ಈ ಪತ್ರ.

ನಮ್ಮ ಮನೆಯದೂ ಇದೇ ಕಥೆ ಆಗಿತ್ತು. ಪಡಸಾಲೆಯಲ್ಲಿ ತೂಗುಹಾಕಿದ್ದ ಫೋಟೋದಲ್ಲಿ ಏಳು ಜನ. ನಡುವೆ ಕೆತ್ತನೆ ಕುರ್ಚಿಯಲ್ಲಿ ಅಜ್ಜ. ರುಮಾಲು ಸುತ್ತಿದ್ದಾನೆ, ಎರಡೂ ಕೈ ಮೊಣಕಾಲ ಮೇಲಿವೆ. ಕೆಳಗೆ ಕೂಸಿನ ಜೊತೆ ಕೂತವಳು ಅಜ್ಜಿ. ಅಜ್ಜನ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ನಿಂತಿದ್ದಾಳೆ. ಇಳಕಲ್ ಸೀರೆ, ತಲೆ ಮೇಲೆ ಸೆರಗು. ಅವಳ ಎಡಗೈ ಅಜ್ಜನ ಕುರ್ಚಿಯ ಬೆನ್ನಿನ ಮೇಲಿದೆ. ಮನೆಯಲ್ಲಿ ಅಧಿಕಾರ ಇದ್ದವಳೇ ಹಾಗೆ ಕೈ ಇಡಬಹುದು. ಯಾರಿವಳು? ಈ ಪ್ರಶ್ನೆ ನನಗೆ ಹುಟ್ಟಿದ್ದು ಅಪ್ಪ ತೀರಿಕೊಂಡ ಮೇಲೆ. ಮೊದಲೇ ಕೇಳಬೇಕಿತ್ತು, ಅಲ್ವಾ?

ಕಟ್ಟು ಬಿಚ್ಚಿದೆ. ಹಿಂದಿನ ರಟ್ಟು ತೆಗೆದರೆ ಒಳಗೆ ಮಡಚಿದ ಪೇಪರ್ ಹಾಳೆ. ಫೋಟೋ ಅಲುಗಾಡದಿರಲಿ ಅಂತ ನಾವು ಕಟ್ಟು ಹಾಕುವವರು ಕೈಗೆ ಸಿಕ್ಕ ಕಾಗದ ತುಂಬುತ್ತೇವೆ. ಹಳೆ ಪೇಪರ್, ಕ್ಯಾಲೆಂಡರ್, ಲಗ್ನಪತ್ರಿಕೆ, ಏನಾದರೂ ಸರಿ. ತಾರೀಖು ಇದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಆದರೆ ಒಂದು ಪ್ರಕಟಣೆಯಲ್ಲಿ ‘ಮುಂಬಯಿ ಸರ್ಕಾರ’ ಅಂತಿತ್ತು. ಜಾಹೀರಾತಿನ ದರಗಳು ರೂಪಾಯಿ, ಆಣೆ, ಪೈ ಲೆಕ್ಕದಲ್ಲಿದ್ದವು. ಆಗ ಗದಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಆ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದ್ದು 1956ರ ನವೆಂಬರ್ 1ರಂದು. ನಯೇ ಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ. ಹಾಗಾಗಿ ಪೇಪರ್ ಅದಕ್ಕಿಂತ ಮೊದಲಿನದು. ಕಟ್ಟಿನ ಅಂಗಡಿಯಲ್ಲಿ ರದ್ದಿ ಬಹಳ ದಿನ ಉಳಿಯುವುದಿಲ್ಲ. ಕಟ್ಟು ಹಾಕಿಸಿದ್ದೂ ಆ ಆಸುಪಾಸಿನಲ್ಲೇ ಇರಬೇಕು. ಫೋಟೋ ತೆಗೆಸಿದ್ದು ಇನ್ನೂ ಹಿಂದೆ ಇರಬಹುದು.

ಅಣ್ಣಿಗೇರಿಯ ಸೋದರತ್ತೆ ಹತ್ತಿರ ಹೋದೆ. ಆಗ ಅವಳಿಗೆ ಎಂಬತ್ತಾರು, ಕಣ್ಣು ಮಂದ. ಮೊಬೈಲಿನಲ್ಲಿ ಮುಖ ದೊಡ್ಡದು ಮಾಡಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿದಳು. ‘ಇಕಿ ನಿಮ್ಮಜ್ಜನ ಅಕ್ಕ ಅಲ್ಲೇನೋ ತಮ್ಮಾ! ಅವ್ವ ಸತ್ತಮ್ಯಾಲೆ ಅವನ್ನ ಜ್ವಾಪಾನ ಮಾಡಿದಾಕಿ ಇಕಿನ’ ಅಂದಳು. ಹೆಸರೇನು ಅಂತ ಕೇಳಿದೆ. ‘ನಾವು ದೊಡ್ಡತ್ತಿ ಅಂತಿದ್ವಿ ನೋಡು’ ಅಂದಳು. ಹೆಸರು ನೆನಪಿಗೆ ಬರಲಿಲ್ಲ.

ಹೊಲದ ಹಳೆಯ ಉತಾರ, ಅಂದರೆ ಜಮೀನಿನ ದಾಖಲೆ, ತೆಗೆಸಿದೆ. ಮುತ್ತಜ್ಜ ತೀರಿಕೊಂಡ ಮೇಲಿನ ವಾರಸಾ ದಾಖಲೆಯಲ್ಲಿ ಇಬ್ಬರದೇ ಹೆಸರು, ಅಜ್ಜ ಮತ್ತು ಅವನ ತಮ್ಮ. ಅಕ್ಕನ ಹೆಸರಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮೊದಲು ಗಂಡುಮಕ್ಕಳಿದ್ದ ಮನೆಯಲ್ಲಿ ಮಗಳ ಹೆಸರು ಹೊಲದ ಕಾಗದಕ್ಕೆ ಬರುವುದು ಅಪರೂಪವೇ. ನಮ್ಮ ಭಾಗದ ಹಳೆ ಕಾಗದಗಳಲ್ಲಿ ‘ಬಿನ್’ ಅಂದರೆ ಇಂಥವನ ಮಗ, ‘ಕೋಂ’ ಅಂದರೆ ಇಂಥವನ ಹೆಂಡತಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಬೇರೆ. ಬಸಪ್ಪ ಬಿನ್ ಈರಪ್ಪ, ಈರಪ್ಪ ಬಿನ್ ಬಸಪ್ಪ, ಮತ್ತೆ ಬಸಪ್ಪ ಬಿನ್ ಈರಪ್ಪ. ಯಾವ ಬಸಪ್ಪ ಯಾರೆಂದು ತಿಳಿಯದೆ ತಲೆ ತಿರುಗುತ್ತದೆ. ಇಸವಿ ಹಿಡಿದುಕೊಂಡೇ ಓದಬೇಕು. ಇನ್ನೂ ಹಳೆಯ ಕೆಲವು ಕಾಗದ ಮೋಡಿಯಲ್ಲಿವೆ, ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ ಅದು. ಅದನ್ನು ಓದಬಲ್ಲವರನ್ನೇ ಹುಡುಕಬೇಕು.

ಕೊನೆಗೆ ಹೆಸರು ಸಿಕ್ಕಿದ್ದು ಟ್ರಂಕಿನಲ್ಲಿ. ಅಪ್ಪನ ಮದುವೆಯ ಆಯೇರಿ ಪಟ್ಟಿ ಅಲ್ಲಿತ್ತು. ಯಾರು ಏನು ಕೊಟ್ಟರು ಅಂತ ಬರೆದಿಟ್ಟ ಕೆಂಪು ಬಟ್ಟೆಯ ಚೋಪಡಿ. ನಾಳೆ ಅವರ ಮನೆ ಮದುವೆಯಲ್ಲಿ ತಿರುಗಿಸಿ ಕೊಡಬೇಕಲ್ಲ, ಅದಕ್ಕೆ ಬರೆಯುತ್ತಿದ್ದರು. ಆರನೇ ಪುಟದಲ್ಲಿ ಊರು ಮುಳಗುಂದ, ಪಕ್ಕದಲ್ಲಿ ಅವಳ ಹೆಸರು, ‘ಕೋಂ’ ಅಂತ ಬರೆದು ಗಂಡನ ಹೆಸರು. ತಂಬಿಗೆ ಒಂದು, ರೂಪಾಯಿ ಎರಡು. ಎದುರಿಗೆ ಚಿಕ್ಕಜ್ಜನ ಅಕ್ಷರದಲ್ಲಿ ‘ಅಕ್ಕ’ ಅಂತಿತ್ತು. ಸರ್ಕಾರದ ಕಾಗದದಲ್ಲಿ ಇಲ್ಲದ ಹೆಣ್ಣುಮಗಳು ತಂಬಿಗೆಯ ಲೆಕ್ಕದಲ್ಲಿ ಸಿಕ್ಕಳು. ಅವತ್ತು ಅಂಗಡಿ ತೆರೆಯಲಿಲ್ಲ.

ಮುಳಗುಂದಕ್ಕೆ ಹೋಗಿ ಮೊಮ್ಮಕ್ಕಳ ಮನೆ ಹುಡುಕಿದೆ. ಅವರ ಮನೆಯಲ್ಲೂ ಅದೇ ಫೋಟೋ! ಒಂದೇ ದಿನ ತೆಗೆಸಿದ ಇನ್ನೊಂದು ಪ್ರತಿ. ಅವಳ ಮಗ ನಾಲ್ಕಕ್ಷರ ಕಲಿತವನು. ಹಿಂದೆ ಪೆನ್ಸಿಲ್‌ನಲ್ಲಿ ಐದು ಜನರ ಹೆಸರು ಬರೆದಿದ್ದ. ನಮ್ಮ ಪ್ರತಿಗೂ ಬರೆದುಕೊಂಡೆ. ಅತ್ತೆಗೆ ಫೋನಿನಲ್ಲಿ ಹೆಸರು ಹೇಳಿದೆ. ‘ಹೌದ್ಹೌದೋ, ಅದ ಹೆಸರು’ ಅಂತ ಎರಡು ಸಲ ಅಂದಳು. ಈ ಯುಗಾದಿಗೆ ಮೊದಲು ಅವಳೂ ತೀರಿಕೊಂಡಳು.

ಈಗ ನೋವಿನ ವಿಷಯ. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಸಹಕಾರಿ ಸಂಘ ಹುಟ್ಟಿತು. ಈ ಭಾಗದ ಹಳ್ಳಿಗಳಿಗೆ ಸಂಘದ ಲೆಕ್ಕ ಹೊಸದಲ್ಲ. ಷೇರು ಪುಸ್ತಕ ಅಂದರೆ ಸುಮ್ನೆ ಹಣದ ಲೆಕ್ಕ ಅಲ್ಲ. ಸದಸ್ಯನ ಹೆಸರು, ತಂದೆಯ ಹೆಸರು, ಸಾಲಕ್ಕೆ ಜಾಮೀನು ನಿಂತವರು ಯಾರು, ಎಲ್ಲ ಇರುತ್ತದೆ. ಜಾಮೀನು ನಿಲ್ಲುವವರು ಬೀಗರೋ ಅಣ್ಣತಮ್ಮಂದಿರೋ ಆಗಿರುತ್ತಾರೆ. ಅಜ್ಜನ ಹೆಸರು ಹುಡುಕಿಕೊಂಡು ಒಂದು ಊರಿನ ಸಂಘಕ್ಕೆ ಹೋದೆ. ಬಣ್ಣ ಹಚ್ಚಿಸುವಾಗ ಹಳೆಯದೆಲ್ಲ ರದ್ದಿಗೆ ಹಾಕಿದೆವು ಅಂದರು. ಕೆಜಿ ಲೆಕ್ಕದಲ್ಲಿ. ನನಗೆ ಮಾತೇ ಹೊರಡಲಿಲ್ಲ. ಸಂಘ, ಶಾಲೆ, ಮಠ, ಗುಡಿ ನಡೆಸುವವರಲ್ಲಿ ಕೈಮುಗಿದು ಕೇಳುತ್ತೇನೆ. ಹಳೆಯ ಪುಸ್ತಕ ತೆಗೆದುಹಾಕುವ ಮೊದಲು ಊರಲ್ಲಿ ಒಂದು ಮಾತು ಹೇಳಿ. ಶಾಲೆಯ ದಾಖಲಾತಿ ಪುಸ್ತಕ, ಜಾತ್ರೆಯ ವರ್ಗಣಿ (ಚಂದಾ) ಪಟ್ಟಿ ಯಾವುದೂ ರದ್ದಿಯಲ್ಲ. ಇಟ್ಟುಕೊಳ್ಳಲು ಜಾಗ ಇಲ್ಲದಿದ್ದರೆ ಪುಟಪುಟವೂ ಮೊಬೈಲಿನಲ್ಲಿ ತೆಗೆದುಕೊಳ್ಳುವ ಹುಡುಗರು ಪ್ರತಿ ಊರಲ್ಲೂ ಇದ್ದಾರೆ.

ಹೆಳವರು ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಮನೆ ಬಾಗಿಲಿಗೆ ಬಂದು ಮನೆತನದ ಹೆಸರು ಹೇಳುತ್ತಾರಲ್ಲ, ಅವರನ್ನು ಕಾಳು ಕೊಟ್ಟು ಹಾಗೇ ಕಳಿಸಬೇಡಿ. ಕೂಡಿಸಿ, ಚಹಾ ಕೊಡಿ, ಒಪ್ಪಿದರೆ ಧ್ವನಿ ಮುದ್ರಿಸಿಕೊಳ್ಳಿ. ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟಿದ್ದರು ಅಂತಲೂ ಕೇಳಿ.

ಅಂಗಡಿಯವನಾಗಿ ಒಂದು ಮಾತು. ಮಳೆಗಾಲದ ತಂಪಿಗೆ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲೇಬೇಡಿ. ಮುಖ ಗಾಜಿನಲ್ಲಿ ಉಳಿಯುತ್ತದೆ, ಕೈಗೆ ಬಿಳಿ ಕಾಗದ ಬರುತ್ತದೆ. ಗಾಜಿನ ಸಮೇತ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲಿನಲ್ಲಿ ತೆಗೆಯಿರಿ. ಹಳೆಯ ಫೋಟೋಗೆ ಲ್ಯಾಮಿನೇಷನ್ ಮಾಡಿಸಬೇಡಿ, ಆ ಬಿಸಿ ತಾಳುವುದಿಲ್ಲ. ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಬೇಕು. ಬಾಲ್‌ಪೆನ್ನಿನ ಒತ್ತು ಮುಂದೆ ಮುಖದ ಮೇಲೆ ಮೂಡುತ್ತದೆ.

ಪಂಚಮಿಗೆ ಮನೆಮಗಳಂದಿರು ತವರಿಗೆ ಬರುತ್ತಾರೆ. ಎಲ್ಲರೂ ಉಂಡಿ ತಿನ್ನುತ್ತ ಕೂತಾಗ ಗೋಡೆಯ ಫೋಟೋ ಇಳಿಸಿ ನಡುವೆ ಇಡಿ. ಕಣ್ಣು ಕಾಣುವ ಹಿರಿಯರು ಇರುವಾಗಲೇ ಹೆಸರು ಬರೆದುಕೊಳ್ಳಿ. ಹೆಣ್ಣುಮಕ್ಕಳಿಗೆ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡನ್ನೂ ಬರೆಯಿರಿ. ಮದುವೆಯಲ್ಲಿ ಹೆಸರು ಬದಲಿಸುವ ಮನೆಗಳು ನಮ್ಮಲ್ಲಿ ಬಹಳ ಇವೆ.

ನಮ್ಮ ಫೋಟೋದಲ್ಲಿ ಇನ್ನೂ ಇಬ್ಬರು ಯಾರೆಂದು ತಿಳಿದಿಲ್ಲ. ಬಲತುದಿಯಲ್ಲಿ ಕೋಟು ಹಾಕಿದ ಯುವಕ, ಅವನ ಮುಂದೆ ಹಣೆಯ ಮೇಲೆ ಗಾಯದ ಗುರುತಿರುವ ಎಂಟೊಂಬತ್ತು ವರ್ಷದ ಹುಡುಗ. ಹಿಂದಿನ ಪರದೆಯಲ್ಲಿ ಕಂಬ ಮತ್ತು ಹೂಕುಂಡದ ಚಿತ್ರ ಇದೆ. ಕೆತ್ತನೆ ಕುರ್ಚಿಯ ಬಲಗೈ ಹಿಡಿಕೆಯಲ್ಲಿ ಒಂದು ಚೂರು ಕಿತ್ತುಹೋಗಿದೆ. ಗದಗ, ಮುಳಗುಂದ, ಅಣ್ಣಿಗೇರಿ ಕಡೆಯ ಯಾರ ಮನೆಯಲ್ಲಾದರೂ ಇಂಥ ಫೋಟೋ ಇದ್ದರೆ ಬೆಟಗೇರಿಗೆ ಬನ್ನಿ. ಪೆನ್ಸಿಲ್ ಇಟ್ಟುಕೊಂಡಿದ್ದೇನೆ.

— ಫೋಟೋ ಕಟ್ಟಿನ ಅಂಗಡಿಯವ, ಬೆಟಗೇರಿ, ಗದಗ