ಭಾನುವಾರದ ಮಾತುಕತೆ: ಆಗ್ನೆಸ್ ಕೆಲೆಟಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಯಹೂದಿ ಕ್ರೀಡಾಪಟುಗಳ ಬಗ್ಗೆ ಮಾತಾಡೋಣ. ಈಜುಗಾರ ಮಾರ್ಕ್ ಸ್ಪಿಟ್ಜ್ 1972ರಲ್ಲಿ ಗೆದ್ದ 7 ಚಿನ್ನ ತುಂಬಾ ಜನಕ್ಕೆ ಗೊತ್ತು. ನಾನು ಶುರು ಮಾಡುವುದು ಹಂಗೇರಿಯ ಜಿಮ್ನಾಸ್ಟ್ ಆಗ್ನೆಸ್ ಕೆಲೆಟಿಯಿಂದ.

ಯಹೂದಿ ಅನ್ನೋ ಕಾರಣಕ್ಕೆ ಅವರನ್ನು ಕ್ಲಬ್ಬಿನಿಂದ ಹೊರಹಾಕಿದರು. ಬೇರೆಯವರ ಹೆಸರಿನ ಕಾಗದಪತ್ರ ಇಟ್ಟುಕೊಂಡು, ಮನೆಗೆಲಸ ಮಾಡಿ ಜೀವ ಉಳಿಸಿಕೊಂಡರು. ತಂದೆ ನಾಜಿಗಳ ಆಶ್ವಿಟ್ಜ್ ಸಾವಿನ ಶಿಬಿರದಲ್ಲಿ ಸತ್ತರು. ಯುದ್ಧದಿಂದಾಗಿ 1940, 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. 1948ರಲ್ಲಿ ಗಾಯ. ಕೊನೆಗೆ 1952ರಲ್ಲಿ ಹೆಲ್ಸಿಂಕಿಯಲ್ಲಿ ಮೊದಲ ಚಿನ್ನ ಗೆದ್ದಾಗ ವಯಸ್ಸು 31! ಜಿಮ್ನಾಸ್ಟಿಕ್ಸ್‌ಗೆ ಅದು ಜಾಸ್ತಿನೇ ಅಲ್ವಾ? 1956ರಲ್ಲಿ ಮೆಲ್ಬರ್ನ್‌ನಲ್ಲಿ ಇನ್ನೂ 4 ಚಿನ್ನ. ಒಟ್ಟು 10 ಪದಕ. ಇವರ ಹೆಸರು ನಮ್ಮಲ್ಲಿ ಇಷ್ಟು ಕಡಿಮೆ ಕೇಳಿಬರುವುದು ನನಗೆ ಬೇಜಾರು.

ನಿಮಗೆ ಇಷ್ಟವಾದ ಒಬ್ಬರ ಬಗ್ಗೆ ಶನಿವಾರದೊಳಗೆ ನಾಲ್ಕು ಸಾಲು ಬರೆದು ಹಾಕಿ. ಸುಮ್ನೆ ಫಾರ್ವರ್ಡ್ ಮಾಡಿದ ಪಟ್ಟಿ ಬೇಡ.